4 ಗ್ರಾಂನಲ್ಲಿ ಎಲೆ ಓಲೆ ಮಾಡಿಸುವುದಾದರೆ ಎಲೆ ಚಿಕ್ಕದಿರಲಿ, ತೆಳ್ಳಗಿರುವುದು ಬೇಡ

ಮದುವೆಗೆ ಟೆಂಪಲ್ ಸೆಟ್ ಬೇಡ, ಎಲೆಯಾಕಾರದ ಸರಳ ಓಲೆ ಸಾಕು, 4 ಗ್ರಾಂನಲ್ಲೇ ದೊಡ್ಡದಾಗಿ ಕಾಣಬೇಕು, ಹತ್ತು ವರ್ಷಕ್ಕೆ ಡಿಸೈನ್ ಹಳತಾಗಬಾರದು ಅಂತ ಕೇಳಿದ್ದೀರಿ. ಇದೇ ಲೆಕ್ಕಾಚಾರ ಒಂದು ಕಾಲಕ್ಕೆ ನನ್ನದೂ ಆಗಿತ್ತು.

ಡಿಸೈನ್ ಹಳತಾಗುವ ಭಯ ಬಿಡಿ. ಮಾವಿನಕಾಯಿ ಸರ, ಮಲ್ಲಿಗೆ ಮೊಗ್ಗಿನ ಸರ, ಬೋರೆಹಣ್ಣಿನಾಕಾರದ ಗುಂಡಿನ ಬೋರಮಾಳ ಎಲ್ಲವೂ ಗಿಡದಿಂದಲೇ ಬಂದವು, ಇನ್ನೂ ಮಾಡಿಸುತ್ತಿದ್ದಾರೆ. ಒಡವೆ ವಿನ್ಯಾಸಕಿ ಎಲ್ಸಾ ಪೆರೆಟ್ಟಿ 1970ರ ದಶಕದಲ್ಲಿ ಅಮೆರಿಕದ ಒಡವೆ ಕಂಪನಿ ಟಿಫಾನಿಗೆ ಮಾಡಿಕೊಟ್ಟ ಕಾಳಿನಾಕಾರದ ಪದಕಕ್ಕೆ ಚೂಪು ಅಂಚಿಲ್ಲ, ಕೆತ್ತನೆಯಿಲ್ಲ. ಅದೂ ಇವತ್ತಿಗೂ ಮಾರಾಟವಾಗುತ್ತಿದೆ.

ಹಾಳಾಗುವುದು "4 ಗ್ರಾಂನಲ್ಲೇ ದೊಡ್ಡದಾಗಿ" ಅನ್ನುವಲ್ಲಿ. ತಿರುಪು, ಕಡ್ಡಿಗೆ ಒಂದು ಗ್ರಾಂ ಹೋದರೆ ಒಂದೊಂದು ಎಲೆಗೆ ಒಂದೂವರೆ ಗ್ರಾಂ ಉಳಿಯುತ್ತದೆ. 22 ಕ್ಯಾರೆಟ್‌ನಲ್ಲಿ ಅಷ್ಟಕ್ಕೆ 25 ಮಿಮೀ ಉದ್ದ, 12 ಮಿಮೀ ಅಗಲದ ಎಲೆ ಬೇಕೆಂದರೆ ತಗಡು 0.4 ಮಿಮೀ ಆಸುಪಾಸಿಗೆ ಇಳಿಯುತ್ತದೆ. ಕೂದಲು ಸಿಕ್ಕಿ ಎಳೆದರೂ ಸಾಕು, ಬಗ್ಗುತ್ತದೆ. ಬಗ್ಗಿದ್ದನ್ನು ನೆಟ್ಟಗೆ ಮಾಡಿ ಮಾಡಿ ತೊಟ್ಟಿನ ಹತ್ತಿರ ಬಿರುಕು ಬಿಡುತ್ತದೆ. ತೊಟ್ಟಿನಲ್ಲೇ ಯಾಕೆಂದರೆ, ಬೆಸುಗೆಯ ಕಾವಿಗೆ ಆ ಜಾಗದ ಚಿನ್ನ ಮೆತ್ತಗಾಗಿರುತ್ತದೆ, ಎಳೆತದ ಭಾರ ಬೀಳುವುದೂ ಅಲ್ಲಿಗೇ. ಅದನ್ನು ಮತ್ತೆ ಬೆಸೆದರೆ ಪಕ್ಕದ ಜಾಗವೂ ಮೆತ್ತಗಾಗುತ್ತದೆ. ಮೇಲಿಂದ ಪಾಲಿಶ್ ಹಾಕಿದಾಗಲೆಲ್ಲ ಚೂರು ಚಿನ್ನ ಸವೆದು, ತೆಳು ತಗಡಿನ ಮೇಲೆ ಮೇಲುಮೇಲೆ ಗೀರಿದ ನರಗಳು ಅಳಿಸುತ್ತಾ ಬರುತ್ತವೆ. ಆಮೇಲೆ ಅದು ಎಲೆಯಾಗಿ ಕಾಣುವುದಿಲ್ಲ, ಬರೀ ತಗಡು.

ಅದೇ ಒಂದೂವರೆ ಗ್ರಾಂನಲ್ಲಿ ಎಲೆಯನ್ನು 18 ಮಿಮೀ ಉದ್ದ, 9 ಮಿಮೀ ಅಗಲಕ್ಕೆ ಇಳಿಸಿ. ದಪ್ಪ 0.8 ಮಿಮೀ ಸಿಗುತ್ತದೆ. ಎಲೆ, ತೊಟ್ಟು ಎರಡನ್ನೂ ಒಂದೇ ತುಂಡಿನಲ್ಲಿ ಕತ್ತರಿಸಲು ಹೇಳಿ. ಬೆಸುಗೆ ಹಿಂಭಾಗದ ಕಡ್ಡಿಗೆ ಮಾತ್ರ ಇರಲಿ. ನಡುವಿನ ನರ ಆಳವಾಗಿ ಬೀಳಲಿ, ಎಲೆ ಸ್ವಲ್ಪ ಕಮಾನಾಗಿ ಬಾಗಿರಲಿ. ಚಪ್ಪಟೆ ತಗಡಿಗಿಂತ ಬಾಗಿದ್ದು ಗಟ್ಟಿ.

ಎಲೆಯ ಆಯ್ಕೆಯಲ್ಲೂ ನನ್ನದು ಹಟವೇ. ಬೇವಿನೆಲೆ ನೋಡಲು ಚೆಂದ, ಆದರೆ ಅದರ ಹಲ್ಲುಹಲ್ಲಿನ ಅಂಚು ರೇಷ್ಮೆ ಸೀರೆಯ ಎಳೆ ಕೀಳುತ್ತದೆ. ಚಿತ್ರದುರ್ಗದ ಕಡೆಯ ಒಣಕಾಡಿನ ಕಮರ ಮರದ ಎಲೆ ನೋಡಿ: ಒಂದೇ ತೊಟ್ಟಿಗೆ ಜೋಡಿ ಎಲೆ, ಅಂಚು ನುಣುಪು. ಓಲೆಗೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

ದಿನಾ ಹಾಕುವುದಾದರೆ 18 ಕ್ಯಾರೆಟ್ ಮಾಡಿಸಿ. ಅದರಲ್ಲಿ ಚಿನ್ನ 75%, 22ರಲ್ಲಿ 91.6%. ಮಾರುವಾಗ ಕಡಿಮೆ ಬರುತ್ತದೆ, ಆದರೆ ಆಕಾರ ನಿಲ್ಲುತ್ತದೆ. ಮದುವೆ, ಹಬ್ಬಕ್ಕೆ ಮಾತ್ರ ಅಂದರೆ 22 ಇರಲಿ.

ಅಂಗಡಿಯಲ್ಲಿ ಸಿದ್ಧ ಓಲೆ ಕೊಳ್ಳುವುದಾದರೂ ಸರಿ, ಅಕ್ಕಸಾಲಿಗರ ಹತ್ತಿರ ಮಾಡಿಸುವುದಾದರೂ ಸರಿ, ವೇಸ್ಟೇಜ್ ಎಷ್ಟು ಪರ್ಸೆಂಟ್ ಅಂತ ಮೊದಲೇ ಬರೆಸಿಕೊಳ್ಳಿ. ಹಾಲ್‌ಮಾರ್ಕ್‌ನ 6 ಅಕ್ಷರ-ಅಂಕಿಗಳ ಎಚ್‌ಯುಐಡಿ (ಒಡವೆಯ ಗುರುತಿನ) ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ದುಡ್ಡು ಕೊಡುವ ಮುಂಚೆ ಎಲೆಯ ತುದಿಯನ್ನು ನಿಮ್ಮದೇ ಸೆರಗಿನ ಮೇಲೆ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಅಲ್ಲೇ ಅರ ಹಾಕಿಸಿ ನುಣುಪು ಮಾಡಿಸಿಕೊಳ್ಳಿ.