ಸಂಜೆ ಬರುವ ಟೆನ್ಷನ್ ತಲೆನೋವಿಗೆ ಮಾತ್ರೆ ಬಿಟ್ಟು ಏನು ಮಾಡಬಹುದು?

ಸಂಜೆಯಾದರೆ ತಲೆಗೆ ಪಟ್ಟಿ ಬಿಗಿದ ಹಾಗೆ ಎರಡೂ ಕಡೆ ನೋವು, ವಾಕರಿಕೆ ಇಲ್ಲ, ಓಡಾಡಿದರೆ ಹೆಚ್ಚಾಗುವುದಿಲ್ಲ, ವಾರಕ್ಕೆ ನಾಲ್ಕು ದಿನ ಪ್ಯಾರಾಸಿಟಮಾಲ್ ನುಂಗುತ್ತಿದ್ದೀನಿ, ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಈ ಲಕ್ಷಣಗಳು ಟೆನ್ಷನ್ ತಲೆನೋವಿಗೆ ಹೊಂದುತ್ತವೆ. ದಾರಿ ಖಂಡಿತ ಇದೆ. ಆದರೆ ಅದನ್ನು ನೋವು ಬಂದಾಗ ಅಲ್ಲ, ನೋವಿಲ್ಲದ ಹೊತ್ತಿನಲ್ಲಿ ಮಾಡಬೇಕು. ಬಹಳ ಜನ ಸೋಲುವುದು ಇಲ್ಲೇ.

ಮೊದಲು ಮಾತ್ರೆಯ ಲೆಕ್ಕ. ವಾರಕ್ಕೆ ನಾಲ್ಕು ಅಂದರೆ ತಿಂಗಳಿಗೆ 16–17 ದಿನ. ಪ್ಯಾರಾಸಿಟಮಾಲ್ ತಿಂಗಳಿಗೆ 15 ದಿನ ಮುಟ್ಟಿ ಅಥವಾ ದಾಟಿ, ಹೀಗೇ ಮೂರು ತಿಂಗಳು ಮೀರಿದರೆ ಮಾತ್ರೆಯಿಂದಲೇ ತಲೆನೋವು ಬರಬಹುದು. ಎರಡು ಮೂರು ಔಷಧ ಬೆರೆತ ಮಾತ್ರೆಗೆ 10 ದಿನವೇ ಸಾಕು. ಇದನ್ನು ವೈದ್ಯರ ಜೊತೆ ಮಾತಾಡಿ ಇಳಿಸಿಕೊಳ್ಳಿ. ಸಿಡಿಲು ಬಡಿದಂತೆ ದಿಢೀರನೆ ಬಂದ ನೋವು, ಜ್ವರದ ಜೊತೆ ಕತ್ತು ಸೆಟೆಯುವುದು, ಮಾತು ತೊದಲುವುದು, ಕೈಕಾಲು ಸೋಲುವುದು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಐವತ್ತರ ನಂತರ ಹೊಸದಾಗಿ ಶುರುವಾದ ತಲೆನೋವನ್ನೂ ಬೇಗ ತೋರಿಸಬೇಕು.

ಇನ್ನು ಸ್ನಾಯು ಸಡಿಲಿಸುವ ಅಭ್ಯಾಸ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ನೂರು ವರ್ಷದ ಹಿಂದೆ ರೂಪಿಸಿದ್ದು ಇದು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತು, ಎರಡೂ ಭುಜ ಕಿವಿಯತ್ತ ಎತ್ತಿ. ಪೂರ್ತಿ ಶಕ್ತಿ ಬೇಡ, ಅರ್ಧ ಸಾಕು. 5 ಸೆಕೆಂಡ್ ಹಿಡಿದು, ಉಸಿರು ಬಿಡುತ್ತಾ ಒಮ್ಮೆಲೇ ಬಿಟ್ಟುಬಿಡಿ. ಆಮೇಲಿನ 20–30 ಸೆಕೆಂಡೇ ಮುಖ್ಯ: ತೋಳು ಭಾರವಾಗಿ ಕೆಳಗೆ ಜೋಲುವುದನ್ನು ಸುಮ್ಮನೆ ಗಮನಿಸಿ. ಹೀಗೇ ಹಣೆ ಸುಕ್ಕುಗಟ್ಟಿಸಿ ಬಿಡಿ, ಕಣ್ಣು ಬಿಗಿಯಾಗಿ ಮುಚ್ಚಿ ಬಿಡಿ, ಹಲ್ಲು ಮೆಲ್ಲಗೆ ಕಚ್ಚಿ ಬಿಡಿ. ಒಂದೊಂದೂ ಎರಡು ಸಲ, ಒಟ್ಟು ಹತ್ತು ಹದಿನೈದು ನಿಮಿಷ, ದಿನಾ. ಅವಸರದಲ್ಲಿ ಬಿಗಿಯುವುದನ್ನಷ್ಟೇ ಮಾಡಿ ಬಿಡುವ ಹೊತ್ತನ್ನು ನುಂಗಿಬಿಟ್ಟರೆ ಕತ್ತು ಇನ್ನಷ್ಟು ನೋಯುತ್ತದೆ. ನಿಜವಾಗಿ ಕಲಿಯುತ್ತಿರುವುದು ಬಿಗಿತವನ್ನು ಗುರುತಿಸುವುದನ್ನು. ಅದು ರೂಢಿಯಾದರೆ ಮಧ್ಯಾಹ್ನ ಮೂರಕ್ಕೇ, ನೋವು ಏಳುವ ಮುಂಚೆಯೇ, ಭುಜ ಮೇಲೇರಿರುವುದು ನಿಮಗೆ ತಿಳಿಯುತ್ತದೆ.

ಕತ್ತಿಗೆ ಒಂದೇ ವ್ಯಾಯಾಮ ಹೇಳುತ್ತೇನೆ. ಗೋಡೆಗೆ ಬೆನ್ನು ಕೊಟ್ಟು ನೇರ ನೋಡುತ್ತಾ, ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳಿ, ಡ್ರಾಯರ್ ಒಳಗೆ ತಳ್ಳಿದ ಹಾಗೆ. ಜೋಡಿಗದ್ದ ಮೂಡಬೇಕು, ತಲೆಬುರುಡೆಯ ಬುಡದಲ್ಲಿ ಹಿತವಾದ ಎಳೆತ ಸಿಗಬೇಕು. 5 ಸೆಕೆಂಡ್ ಹಿಡಿದು ಬಿಡಿ. 10 ಸಲ, ದಿನಕ್ಕೆ ಎರಡು ಮೂರು ಬಾರಿ. ತಲೆ ಬಗ್ಗಿಸಿದರೆ ಅಥವಾ ಮೇಲೆತ್ತಿದರೆ ಉಪಯೋಗವಿಲ್ಲ. ಕೈಗೆ ಜೋಮು ಹಿಡಿದರೆ ನಿಲ್ಲಿಸಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲಿಟ್ಟು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ತನ್ನಿ, ಕೀಬೋರ್ಡ್ ಬೇರೆ ಇರಲಿ. ತುಟಿ ಸೇರಿರಲಿ, ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ತಾಗದಿರಲಿ. ನೋವು ಬಂದೇಬಿಟ್ಟರೆ ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ 15 ನಿಮಿಷ ಹಿಂಗತ್ತಿಗೆ ಇಡಿ.

ಕ್ಷೌರದಂಗಡಿಯಲ್ಲಿ ತಲೆ ಮಸಾಜ್ ಮಾಡಿಸಿಕೊಳ್ಳಿ, ತಪ್ಪಿಲ್ಲ. ಆದರೆ ಕತ್ತನ್ನು ಗಕ್ಕನೆ ತಿರುಗಿಸಿ ನೆಟಿಗೆ ತೆಗೆಯಲು ದಯವಿಟ್ಟು ಬಿಡಬೇಡಿ. ಮೆದುಳಿಗೆ ಹೋಗುವ ರಕ್ತನಾಳ ಕತ್ತಿನ ಮೂಳೆಗಳ ರಂಧ್ರಗಳಲ್ಲೇ ಹಾದುಹೋಗುತ್ತದೆ. ಅದರ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೂ ಆಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಅಕ್ಯುಪಂಕ್ಚರ್, ಅಂದರೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ ಇದೆ. ಬಿಟ್ಟೂಬಿಡದೆ ಕಾಡುವ ಟೆನ್ಷನ್ ತಲೆನೋವಿಗೆ ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಸರ್ಕಾರಿ ಸಂಸ್ಥೆ ನೈಸ್‌ನ (NICE) ಮಾರ್ಗಸೂಚಿ 5ರಿಂದ 8 ವಾರದಲ್ಲಿ ಹತ್ತರವರೆಗೆ ಸಲ ಮಾಡಿಸಬಹುದು ಅನ್ನುತ್ತದೆ.

ಇವತ್ತಿನಿಂದಲೇ ಗೋಡೆ ಕ್ಯಾಲೆಂಡರಿನಲ್ಲಿ ನೋವಿನ ದಿನಕ್ಕೆ ಒಂದು ಗೆರೆ, ಮಾತ್ರೆಗೆ ಒಂದು ಚುಕ್ಕಿ ಹಾಕಿ. ಮೊದಲ ವಾರದಲ್ಲಿ ಏನೂ ಬದಲಾಗದಿದ್ದರೆ ಕೈಬಿಡಬೇಡಿ, ನಾಲ್ಕರಿಂದ ಆರು ವಾರ ಕೊಟ್ಟು ಗೆರೆಗಳನ್ನು ಎಣಿಸಿ.