ಎಂಡಿಎ ಎರಡೂ ಗುಂಪಿನಲ್ಲಿ ಏರುತ್ತಿರುವುದೇಕೆ

ನಿಮ್ಮ ಅಧ್ಯಯನದಲ್ಲಿ ಖಿನ್ನತೆ ಇರುವವರಲ್ಲೂ ಇಲ್ಲದವರಲ್ಲೂ ಪ್ಲಾಸ್ಮಾದ (ರಕ್ತಕಣ ಬೇರ್ಪಡಿಸಿದ ಮೇಲೆ ಉಳಿಯುವ ದ್ರವದ) ಎಂಡಿಎ, ಅಂದರೆ ಕೊಬ್ಬು ಆಕ್ಸಿಡೇಶನ್ ಆದಾಗ ಹುಟ್ಟುವ ಮ್ಯಾಲೊಂಡೈಆಲ್ಡಿಹೈಡ್, ಒಂದೇ ಸಮನೆ ಹೆಚ್ಚು ಬರುತ್ತಿದೆ ಅಂದಿದ್ದೀರಿ. ಇದು ಬಹುಶಃ ರಕ್ತ ತೆಗೆದ ಮೇಲೆ ಟ್ಯೂಬಿನಲ್ಲೇ ಆದ ಆಕ್ಸಿಡೇಶನ್. ಕೆಂಪು ರಕ್ತಕಣ ಒಡೆದರೆ ಹೊರಬರುವ ಹೀಮ್ (ಹಿಮೋಗ್ಲೋಬಿನ್ನಿನ ಕಬ್ಬಿಣವಿರುವ ಭಾಗ) ಅಲ್ಲಿನ ಕೊಬ್ಬನ್ನು ಕೆಡಿಸುತ್ತಲೇ ಇರುತ್ತದೆ. ಹಿಮೋಗ್ಲೋಬಿನ್ 540 ನ್ಯಾನೋಮೀಟರ್ ಆಸುಪಾಸಿನಲ್ಲಿ ಬೆಳಕು ಹೀರುವುದರಿಂದ ಎಂಡಿಎ ಜೊತೆ ಸೇರಿ ಗುಲಾಬಿ ಬಣ್ಣ ಕೊಡುವ ಟಿಬಿಎ ಎಂಬ ರಾಸಾಯನಿಕ ಹಾಕಿ 532 ನ್ಯಾನೋಮೀಟರ್‌ನಲ್ಲಿ ನೀವು ತೆಗೆಯುವ ರೀಡಿಂಗೂ ಸುಳ್ಳೇ ಏರುತ್ತದೆ.

ಮೊದಲು ಉಳಿದಿರುವ ಸ್ಯಾಂಪಲ್‌ಗಳನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿ, ಗುಲಾಬಿ ಛಾಯೆ ಇದ್ದರೆ ಕಣ ಒಡೆದಿದೆ ಎಂದರ್ಥ, ಕೈಬಿಡಿ. ಹೊಸದಾಗಿ ತೆಗೆಯುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬ್ ಬಳಸಿ, ಐಸ್ ಮೇಲಿಡಿ, ಅರ್ಧ ಗಂಟೆಯೊಳಗೆ 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್ ಮಾಡಿ. ಪ್ಲಾಸ್ಮಾಕ್ಕೆ ಕೂಡಲೇ ಆಕ್ಸಿಡೇಶನ್ ತಡೆಯುವ ಬಿಎಚ್‌ಟಿ ಬೆರೆಸಿ, ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿಡಿ. ಮೈನಸ್ 20 ಸಾಲದು. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಟಿಬಿಎ ಹಾಕಿ ಬಿಸಿಮಾಡುವಾಗಲೂ ಬಿಎಚ್‌ಟಿ ಬೇಕೇ ಬೇಕು, ಇಲ್ಲದಿದ್ದರೆ 95 ಡಿಗ್ರಿಯ ಆ ಶಾಖದಲ್ಲೇ ಹೊಸ ಎಂಡಿಎ ಹುಟ್ಟುತ್ತದೆ. ಪ್ರತಿ ಸ್ಯಾಂಪಲ್‌ಗೂ ಟಿಬಿಎ ಇಲ್ಲದ ಬ್ಲಾಂಕ್ (ಹೋಲಿಕೆಯ ಟ್ಯೂಬ್) ಇಟ್ಟು ಅದರ ರೀಡಿಂಗನ್ನು ಕಳೆಯಿರಿ.

ಇಷ್ಟಾದರೂ ಟಿಬಿಎ ಸಕ್ಕರೆಗಳ ಜೊತೆಗೂ ಬಣ್ಣ ಕೊಡುತ್ತದೆ. ಹಾಗಾಗಿ ಮಿಶ್ರಣದ ಘಟಕಗಳನ್ನು ಬಿಡಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಬೇರ್ಪಡಿಸಿ ಅಳೆಯುವುದೇ ಮೇಲು. ಅನುಕೂಲವಿದ್ದರೆ ಎಫ್2-ಐಸೊಪ್ರೊಸ್ಟೇನ್ ಎಂಬ ಇನ್ನೊಂದು ಸೂಚಕವನ್ನೂ ಸೇರಿಸಿ, ಕೊಬ್ಬಿನ ಆಕ್ಸಿಡೇಶನ್ ಅಳೆಯಲು ಅದು ಹೆಚ್ಚು ನಂಬಲರ್ಹ.

ಇನ್ನೊಂದು ಮಾತು, ಕಂಟ್ರೋಲ್ (ಖಿನ್ನತೆ ಇಲ್ಲದವರ) ಗುಂಪಿನಲ್ಲಿ ಸಿಗರೇಟು ಸೇದುವವರು ಎಷ್ಟಿದ್ದಾರೆ ಎಂದು ನೋಡಿ. ಧೂಮಪಾನವೊಂದೇ ಗುಂಪುಗಳ ನಡುವಿನ ವ್ಯತ್ಯಾಸವನ್ನು ಮುಚ್ಚಿಹಾಕಬಲ್ಲದು. ತೂಕ, ಮಧುಮೇಹ, ವಿಟಮಿನ್ ಮಾತ್ರೆಗಳನ್ನೂ ದಾಖಲಿಸಿಕೊಳ್ಳಿ. ಕೊನೆಗೆ ವ್ಯತ್ಯಾಸ ಕಂಡರೂ ಅದು ಖಿನ್ನತೆಯ ಕಾರಣವೋ ಪರಿಣಾಮವೋ ಎಂಬುದು ಒಂದೇ ಸಲ ತೆಗೆದ ರಕ್ತದಿಂದ ತಿಳಿಯುವುದಿಲ್ಲ. ಸ್ವಲ್ಪ ಸುಳಿವಾದರೂ ಸಿಗಲು ಔಷಧ ಶುರುವಾಗುವ ಮುನ್ನ ಒಮ್ಮೆ, 8 ವಾರಗಳ ನಂತರ ಮತ್ತೊಮ್ಮೆಯಾದರೂ ತೆಗೆಯಿರಿ.