ಕಣ್ಣಿಗೆ ಓಡಾಡಲು ಸಮಯ ಕೊಡಿ

ದೈತ್ಯ ಪರದೆಯ ಚಿತ್ರಮಂದಿರಗಳಿಗೆ ಅನಿಮೇಶನ್ ಕಿರುಚಿತ್ರ ಮಾಡುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ನನ್ನ ಕೆಲಸ ಲೇಔಟ್. ಶಾಟ್‌ನಲ್ಲಿ ಕ್ಯಾಮೆರಾ ಎಲ್ಲಿರಬೇಕು, ಪಾತ್ರ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ನೋಡಿಕೊಳ್ಳುವವಳು ನಾನು. ಹಾಗಾಗಿ ಉತ್ತರಗಳಲ್ಲಿ ಅದೇ ಜಾಸ್ತಿ ಇರುತ್ತದೆ.

ಮೇಡಂ, ಆರು ನಿಮಿಷದ ಕಿರುಚಿತ್ರ ಮಾಡಿ ಮುಗಿಸಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ. ಅದನ್ನೇ 4ಕೆಗೆ (ಸುಮಾರು 4000 ಪಿಕ್ಸೆಲ್ ಅಗಲಕ್ಕೆ) ಹಿಗ್ಗಿಸಿ ದೈತ್ಯ ಪರದೆಗೆ ಕೊಡಬಹುದಲ್ವಾ?

ಕೊಡಬಹುದು, ಚಿತ್ರ ಓಡುತ್ತದೆ. ಆದರೆ ನೋಡುವವರಿಗೆ ಸುಸ್ತಾಗುತ್ತದೆ. ಪಿಕ್ಸೆಲ್ ಮಾತು ಆಮೇಲೆ. ಮೊದಲು ಕಣ್ಣಿನ ಮಾತು.

ಲ್ಯಾಪ್‌ಟಾಪ್‌ನಲ್ಲಿ ಇಡೀ ಚಿತ್ರ ಒಂದೇ ನೋಟಕ್ಕೆ ಸಿಗುತ್ತದೆ. ದೈತ್ಯ ಪರದೆ ಎಂದರೆ ಕಡಿಮೆಯೆಂದರೂ 21 ಮೀಟರ್ ಅಗಲ. ಜನ ಕೂರುವುದೂ ಹತ್ತಿರದಲ್ಲಿ. ಪರದೆಯ ಎರಡೂ ಅಂಚು ಒಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ. ನೋಡುಗರು ಕಣ್ಣು ಓಡಿಸಬೇಕು, ಕೆಲವೊಮ್ಮೆ ಕತ್ತನ್ನೂ ತಿರುಗಿಸಬೇಕು. ನಿಮ್ಮ ಶಾಟ್ ಒಂದೂವರೆ ಸೆಕೆಂಡಿನದಾದರೆ, ಪಾತ್ರ ಎಲ್ಲಿದೆ ಎಂದು ಅವರು ಹುಡುಕುವಷ್ಟರಲ್ಲಿ ಮುಂದಿನ ಶಾಟ್ ಬಂದಿರುತ್ತದೆ. ಅದಕ್ಕೇ ಇಲ್ಲಿ ಶಾಟ್ ಉದ್ದ ಇರಬೇಕು, ಕಟ್ ಕಡಿಮೆ ಇರಬೇಕು. ಕಟ್ ಮಾಡಲೇಬೇಕಾದಾಗ, ಹಿಂದಿನ ಶಾಟ್‌ನಲ್ಲಿ ಕಣ್ಣು ಎಲ್ಲಿ ನಿಂತಿತ್ತೋ ಹೊಸ ಶಾಟ್‌ನ ಮುಖ್ಯ ಸಂಗತಿಯನ್ನೂ ಅಲ್ಲೇ ಆಸುಪಾಸಿನಲ್ಲಿ ಇಡಿ.

ಇನ್ನು ಜಾಗದ ವಿಷಯ. ಇಂಥ ಮಂದಿರದಲ್ಲಿ ಬಹಳಷ್ಟು ಸೀಟುಗಳಿಂದ ನೋಡಿದರೆ ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ. ಹಾಗಾಗಿ ಮುಖ, ಕೈ, ಮುಖ್ಯ ಚಲನೆ ಎಲ್ಲ ನಡುವಿಗಿಂತ ಸ್ವಲ್ಪ ಕೆಳಗಿರಲಿ. ಮೇಲಿನ ಭಾಗವನ್ನು ಆಕಾಶಕ್ಕೋ ಮರದ ನೆತ್ತಿಗೋ ಬಿಟ್ಟುಕೊಡಿ. ಅದನ್ನು ಯಾರೂ ದಿಟ್ಟಿಸಿ ನೋಡುವುದಿಲ್ಲ. ಆದರೂ ಅದು ಇದೆ ಎಂಬುದು ಮೈಗೆ ಗೊತ್ತಾಗುತ್ತದೆ. ಅಲ್ಲಿದ್ದೇವೆ ಎಂಬ ಭಾವನೆ ಬರುವುದೇ ಅದರಿಂದ, ನನಗೆ ಈ ಪರದೆ ಇಷ್ಟವಾಗುವುದೂ ಅದಕ್ಕೇ. ಶಾಟ್‌ಗಳನ್ನು ಮೊದಲೇ ಬರೆದಿಡುವ ಸ್ಟೋರಿಬೋರ್ಡ್‌ನಲ್ಲಿ ಖಾಲಿ ಎನಿಸುವ ಚೌಕಟ್ಟು ಅಲ್ಲಿ ತುಂಬಿಕೊಂಡು ಕಾಣುತ್ತದೆ.

ಚಲನೆಯದ್ದು ಒಂದು ಲೆಕ್ಕ ಹಾಕೋಣ. ಒಂದು ಹಕ್ಕಿ ಪರದೆಯ ಈ ತುದಿಯಿಂದ ಆ ತುದಿಗೆ ಎರಡು ಸೆಕೆಂಡಿನಲ್ಲಿ ಹಾರುತ್ತದೆ ಎನ್ನಿ. ಸೆಕೆಂಡಿಗೆ 24 ಫ್ರೇಮ್, ಅಂದರೆ ಒಟ್ಟು 48 ಫ್ರೇಮ್. 35 ಸೆಂಟಿಮೀಟರ್ ಅಗಲದ ಲ್ಯಾಪ್‌ಟಾಪ್‌ನಲ್ಲಿ ಹಕ್ಕಿ ಪ್ರತಿ ಫ್ರೇಮಿಗೆ ಸುಮಾರು 7 ಮಿಲಿಮೀಟರ್ ಜರುಗುತ್ತದೆ. ಕಣ್ಣು ಅದನ್ನು ಸಲೀಸಾಗಿ ಜೋಡಿಸಿಕೊಳ್ಳುತ್ತದೆ. 21 ಮೀಟರ್ ಪರದೆಯಲ್ಲಿ ಅದೇ ಹಕ್ಕಿ ಫ್ರೇಮಿಗೆ 44 ಸೆಂಟಿಮೀಟರ್ ಜಿಗಿಯುತ್ತದೆ. ಒಂದು ಹಕ್ಕಿಯ ಬದಲು ಸಾಲಾಗಿ ಮಿನುಗುವ ಹಲವು ಹಕ್ಕಿಗಳು ಕಾಣುತ್ತವೆ. ನೀವು ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದು, ಸೆಕೆಂಡಿಗೆ 12 ಚಿತ್ರದ ಲೆಕ್ಕದಲ್ಲಿ ಮಾಡಿದ್ದರೆ ಜಿಗಿತ 88 ಸೆಂಟಿಮೀಟರ್! ಒಂದು ವಸ್ತು ಪರದೆ ದಾಟಲು ಏಳು ಸೆಕೆಂಡ್ ಕೊಡಬೇಕು ಎಂಬುದು ಛಾಯಾಗ್ರಾಹಕರ ಹಳೆಯ ಲೆಕ್ಕ. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಅದಕ್ಕಿಂತ ವೇಗ ಬೇಕೇ ಬೇಕೆಂದರೆ ಮೋಷನ್ ಬ್ಲರ್, ಅಂದರೆ ಚಲನೆಯ ದಿಕ್ಕಿನಲ್ಲಿ ಮಸುಕು, ಸೇರಿಸಿ. ಇಲ್ಲವೇ ಹಕ್ಕಿ ಪಕ್ಕಕ್ಕೆ ಹಾರುವ ಬದಲು ನೋಡುಗರ ಕಡೆಗೋ, ಆಚೆಗೋ ಹಾರಲಿ. ಆಗ ಅಡ್ಡ ಜಿಗಿತ ತಾನಾಗಿಯೇ ಕಡಿಮೆಯಾಗುತ್ತದೆ. ಕ್ಯಾಮೆರಾ ಪಕ್ಕಕ್ಕೆ ತಿರುಗುವ ಪ್ಯಾನ್‌ಗೂ ಇದೇ ಮಾತು.

ಇದನ್ನೆಲ್ಲ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮಾನಿಟರ್‌ಗೆ ಎಷ್ಟು ಹತ್ತಿರ ಹೋಗಬೇಕೆಂದರೆ, ಎರಡೂ ಅಂಚನ್ನು ಒಟ್ಟಿಗೆ ನೋಡಲು ಆಗಬಾರದು. ಅಲ್ಲಿ ಕೂತು ಅನಿಮ್ಯಾಟಿಕ್ (ಸ್ಟೋರಿಬೋರ್ಡ್ ಚಿತ್ರಗಳನ್ನು ಸಮಯಕ್ಕೆ ಜೋಡಿಸಿದ ಕಚ್ಚಾ ಚಿತ್ರ) ನೋಡಿ. ಪ್ರೊಜೆಕ್ಟರ್ ಇದ್ದರೆ ಇನ್ನೂ ಒಳ್ಳೆಯದು. ಇಡೀ ಗೋಡೆ ತುಂಬುವಂತೆ ಬಿಟ್ಟು, ಗೋಡೆಯ ಹತ್ತಿರ ನೆಲದ ಮೇಲೆ ಕೂತುಬಿಡಿ. ಯಾವ ಶಾಟ್ ಉದ್ದ ಮಾಡಬೇಕು ಎಂಬುದು ಎರಡನೇ ಸಲ ನೋಡುವಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ.

ಕೈಯಲ್ಲಿ ಬರೆದ ಚಿತ್ರಗಳು ಅಷ್ಟು ದೊಡ್ಡದಾಗಿ ನಿಲ್ಲುತ್ತವೆಯೇ? ಎಲ್ಲ ಕಂಪ್ಯೂಟರ್‌ನಲ್ಲೇ ಆಗಬೇಕೇ?

ದೈತ್ಯ ಪರದೆಯ ಹೆಸರಾಂತ ವ್ಯವಸ್ಥೆಯಾದ ಐಮ್ಯಾಕ್ಸ್‌ಗೆಂದು ಬಂದ ಮೊದಲ ದೊಡ್ಡ ಹೆಸರಿನ ಅನಿಮೇಶನ್ ಕಿರುಚಿತ್ರವೇ ಕೈಯಲ್ಲಿ ಮಾಡಿದ್ದು. ರಷ್ಯಾದ ಅಲೆಕ್ಸಾಂಡರ್ ಪೆತ್ರೋವ್ 1999ರಲ್ಲಿ ಮುಗಿಸಿದ 'ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ'. ಸುಮಾರು 20 ನಿಮಿಷದ ಚಿತ್ರ. ಗಾಜಿನ ಮೇಲೆ ಎಣ್ಣೆ ಬಣ್ಣ ಹಚ್ಚಿ, ಬಹುಪಾಲು ಬೆರಳ ತುದಿಯಿಂದಲೇ ತಿದ್ದುತ್ತಾ, 29,000ಕ್ಕೂ ಹೆಚ್ಚು ಚಿತ್ರ ಬರೆದರು. ಒಂದು ಚಿತ್ರವನ್ನು ಕ್ಯಾಮೆರಾದಲ್ಲಿ ಹಿಡಿದ ಮೇಲೆ ಅದೇ ಬಣ್ಣವನ್ನು ಜರುಗಿಸಿ ಮುಂದಿನದು. ಹಿಂದಿನದು ಅಲ್ಲಿಗೆ ಅಳಿಸಿಹೋಯಿತು, ವಾಪಸ್ ಬರುವುದಿಲ್ಲ. ಮಾಂಟ್ರಿಯಲ್‌ನಲ್ಲಿ ಮಗ ದಿಮಿತ್ರಿಯ ಜೊತೆ ಎರಡು ವರ್ಷಕ್ಕೂ ಮೀರಿ ನಡೆದ ಕೆಲಸ ಅದು. 2000ದಲ್ಲಿ ಆಸ್ಕರ್ ಬಂತು.

ನನ್ನ ಪ್ರಕಾರ ಅದು ಅಷ್ಟು ದೊಡ್ಡದಾಗಿ ನಿಂತಿದ್ದಕ್ಕೆ ಕಾರಣ ಬಣ್ಣದ ಮೈ. ಬೆರಳು ಎಳೆದ ಗುರುತು, ಬಣ್ಣ ದಪ್ಪವಾದ ಕಡೆ, ತೆಳುವಾಗಿ ಬೆಳಕು ತೂರಿದ ಕಡೆ, ಹೀಗೆ ಎಲ್ಲೇ ನೋಡಿದರೂ ಕಣ್ಣಿಗೆ ಏನೋ ಸಿಗುತ್ತದೆ. ಚಪ್ಪಟೆಯಾಗಿ ತುಂಬಿದ ಬಣ್ಣದ ಹಿನ್ನೆಲೆ ಫೋನಿನಲ್ಲಿ ಅಚ್ಚುಕಟ್ಟಾಗಿ ಕಾಣಬಹುದು. 21 ಮೀಟರ್ ಅಗಲಕ್ಕೆ ಹರಡಿದಾಗ ಅದು ಬರೀ ಗೋಡೆ.

ಗೆರೆಯ ಬಗ್ಗೆ ಒಂದು ಎಚ್ಚರ. 1920 ಪಿಕ್ಸೆಲ್ ಅಗಲದಲ್ಲಿ ಕೆಲಸ ಮಾಡಿದರೆ ಆ ಪರದೆಯಲ್ಲಿ ಒಂದೊಂದು ಪಿಕ್ಸೆಲ್ ಒಂದು ಸೆಂಟಿಮೀಟರ್‌ಗಿಂತ ದೊಡ್ಡದು. 4096 ಅಗಲದಲ್ಲಿ ಮಾಡಿದರೆ ಸುಮಾರು 5 ಮಿಲಿಮೀಟರ್. ಹಾಗಾಗಿ ಮೊದಲ ಗೆರೆಯನ್ನೇ ದೊಡ್ಡ ಅಳತೆಯಲ್ಲಿ ಎಳೆಯಿರಿ. ಪೆನ್ಸಿಲ್ ಚಿತ್ರವಾದರೆ ಕಾಗದದ ಮೈ ಕೂಡ ಬರುವಷ್ಟು ಚೆನ್ನಾಗಿ ಸ್ಕ್ಯಾನ್ ಮಾಡಿ. ಸುಮ್ನೆ ಹಿಗ್ಗಿಸಿದ್ದು ಸುಮ್ನೆ ಹಿಗ್ಗಿಸಿದಂತೆಯೇ ಕಾಣುತ್ತದೆ.

3ಡಿ ಮಾಡಬೇಕೆಂದಿದ್ದೇನೆ. ನನ್ನ ಮಾನಿಟರ್‌ನಲ್ಲಿ ಕನ್ನಡಕ ಹಾಕಿ ನೋಡಿದರೆ ಆಳ ಸರಿಯಾಗಿದೆ. ಸಾಕೇ?

ಸಾಕಾಗುವುದಿಲ್ಲ. ನಮ್ಮ ಎರಡು ಕಣ್ಣುಗಳ ನಡುವಿನ ದೂರ ಸರಾಸರಿ 65 ಮಿಲಿಮೀಟರ್. ದೂರದ ಬೆಟ್ಟವೊಂದರ ಎಡಗಣ್ಣಿನ ಚಿತ್ರ ಮತ್ತು ಬಲಗಣ್ಣಿನ ಚಿತ್ರ ಪರದೆಯ ಮೇಲೆ ಅದಕ್ಕಿಂತ ಜಾಸ್ತಿ ದೂರವಾದರೆ, ಕಣ್ಣುಗಳು ಹೊರಕ್ಕೆ ತಿರುಗಬೇಕಾಗುತ್ತದೆ. ಅದು ಕಣ್ಣಿಗೆ ಅಭ್ಯಾಸವಿಲ್ಲದ ಕೆಲಸ, ತಲೆನೋವು ಗ್ಯಾರಂಟಿ. 60 ಸೆಂಟಿಮೀಟರ್ ಅಗಲದ 4ಕೆ ಮಾನಿಟರ್‌ನಲ್ಲಿ 65 ಮಿಲಿಮೀಟರ್ ಎಂದರೆ 400ಕ್ಕೂ ಹೆಚ್ಚು ಪಿಕ್ಸೆಲ್. 21 ಮೀಟರ್ ಪರದೆಯಲ್ಲಿ ಅದೇ 65 ಮಿಲಿಮೀಟರ್ ಬರೀ 12 ಪಿಕ್ಸೆಲ್! ನಿಮ್ಮ ಚಿತ್ರ ಓಡಬಹುದಾದ ಅತಿ ದೊಡ್ಡ ಪರದೆ ಯಾವುದೋ ಅದರ ಅಗಲ ಹಿಡಿದು ಲೆಕ್ಕ ಹಾಕಿ. ಮಾನಿಟರ್‌ನಲ್ಲಿ ಆಳ ಪೇಲವವಾಗಿ ಕಂಡರೂ ಗಾಬರಿಯಾಗಬೇಡಿ.

ಒಂದು ಒಳ್ಳೆಯ ಸುದ್ದಿಯೂ ಇದೆ. ಸಣ್ಣ ಪರದೆಯಲ್ಲಿ ಮುಂದಕ್ಕೆ ಬಂದ ವಸ್ತುವನ್ನು ಚೌಕಟ್ಟಿನ ಅಂಚು ಕತ್ತರಿಸಿದ ಕೂಡಲೇ ಭ್ರಮೆ ಒಡೆಯುತ್ತದೆ. ಇಲ್ಲಿ ಅಂಚು ಗಮನಕ್ಕೇ ಬರುವುದು ಕಡಿಮೆ. ಹಾಗಾಗಿ ಮೀನೋ ದೂಳಿನ ಕಣವೋ ನಿಧಾನವಾಗಿ ಸಭಿಕರ ನಡುವೆಯೇ ತೇಲಿಬರುವಂತೆ ಮಾಡಬಹುದು. ನಿಧಾನವಾಗಿ ಎಂಬುದನ್ನು ಮರೆಯಬೇಡಿ.

ನಾನೊಬ್ಬನೇ, ಒಂದೇ ಕಂಪ್ಯೂಟರ್. ಐದು ನಿಮಿಷದ ಚಿತ್ರ ಸಾಧ್ಯವೇ?

ಐದು ನಿಮಿಷ ಎಂದರೆ 7200 ಫ್ರೇಮ್. ಫ್ರೇಮಿಗೆ ಒಂದು ಗಂಟೆ ರೆಂಡರ್ (ಕಂಪ್ಯೂಟರ್ ಆ ಫ್ರೇಮನ್ನು ಲೆಕ್ಕ ಹಾಕಿ ಪೂರ್ತಿ ಚಿತ್ರವಾಗಿ ತೆಗೆಯುವುದು) ಹಿಡಿದರೆ ಹಗಲೂ ರಾತ್ರಿ 300 ದಿನ. 3ಡಿ ಆದರೆ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಬೇಕು, ಹಾಗಾಗಿ ಅದರ ಎರಡರಷ್ಟು. 4096 ಗುಣಿಸು 2160ರ ಒಂದು 16 ಬಿಟ್ ಫ್ರೇಮ್, ಕುಗ್ಗಿಸದೆ ಇಟ್ಟರೆ ಸುಮಾರು 53 ಎಂಬಿ. ಇಡೀ ಚಿತ್ರಕ್ಕೆ ಹತ್ತಿರ ಹತ್ತಿರ 380 ಜಿಬಿ. ಬ್ಯಾಕಪ್ ಬೇರೆ.

ಎರಡೂವರೆ ನಿಮಿಷಕ್ಕೆ ಇಳಿಸಿ ಎನ್ನುತ್ತೇನೆ. ಪ್ರತಿ ಶಾಟ್‌ನಿಂದ ಒಂದು ಫ್ರೇಮನ್ನು ಶುರುವಿನಲ್ಲೇ ಪೂರ್ತಿ ಅಳತೆಯಲ್ಲಿ ರೆಂಡರ್ ಮಾಡಿ ನೋಡಿ. ಮಿಕ್ಕ ಪರೀಕ್ಷೆಗೆಲ್ಲ ಅರ್ಧ ಅಳತೆ ಸಾಕು. ಮಂದಿರದವರಿಗೆ ಬೇಕಾಗುವುದು ಸಾಮಾನ್ಯವಾಗಿ ಡಿಸಿಪಿ, ಅಂದರೆ ಡಿಜಿಟಲ್ ಪ್ರೊಜೆಕ್ಟರ್‌ಗೆ ಕೊಡುವ ಫೈಲುಗಳ ಕಟ್ಟು. ಕೆಲಸ ಶುರು ಮಾಡುವ ಮೊದಲೇ ಪರದೆಯ ಆಕಾರ ಕೇಳಿಕೊಳ್ಳಿ. ಅಗಲ ಎತ್ತರದ 1.43ರಷ್ಟಿರುವ ಎತ್ತರದ ಪರದೆಯೋ, 1.90ರಷ್ಟಿರುವ ಅಗಲದ್ದೋ? ಲೇಔಟ್ ಮುಗಿದ ಮೇಲೆ ಕೇಳಿದರೆ ಅರ್ಧ ಚಿತ್ರ ಮತ್ತೆ ಮಾಡಬೇಕಾಗುತ್ತದೆ.

ಗುಮ್ಮಟದ ಪರದೆಗೂ ಇದೇ ಚಿತ್ರ ಹೊಂದುತ್ತದೆಯೇ?

ಇಲ್ಲ. ಅದಕ್ಕೆ ದುಂಡನೆಯ ಚಿತ್ರ ಬೇಕು. 8ಕೆ ಗುಮ್ಮಟಕ್ಕೆ 8192 ಗುಣಿಸು 8192, ಅಂದರೆ 6.7 ಕೋಟಿ ಪಿಕ್ಸೆಲ್. ಚೌಕಟ್ಟು ಎಂಬುದೇ ಇರುವುದಿಲ್ಲ. ಕ್ಯಾಮೆರಾ ಓಲಾಡಿದರೆ ಕೂತವರೇ ಓಲಾಡಿದಂತಾಗಿ ಹೊಟ್ಟೆ ತೊಳಸುತ್ತದೆ. ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಗುಮ್ಮಟದ ಒಂದು ಬದಿಯ ಬೆಳಕು ಎದುರು ಬದಿಗೆ ಬಡಿದು ಅಲ್ಲಿನ ಕಪ್ಪನ್ನೆಲ್ಲ ಬೂದು ಮಾಡುತ್ತದೆ. ಆದ್ದರಿಂದ ದೊಡ್ಡ ಬಿಳಿ ಆಕಾಶ, ಹಿಮದ ಬಯಲು, ಬಿಳಿ ಹಿನ್ನೆಲೆಯ ಶೀರ್ಷಿಕೆ ಬೇಡ. ಕಡುಬಣ್ಣದಲ್ಲಿ ಸಣ್ಣ ಸಣ್ಣ ಬೆಳಕು ಇಡಿ. ಬಣ್ಣ ತಿದ್ದುವ ಕೊನೆಯ ಸುತ್ತಿಗೆ ಆ ಗುಮ್ಮಟದಲ್ಲೇ ಸ್ವಲ್ಪ ಸಮಯ ಕೊಡಿ ಎಂದು ಮುಂಚೆಯೇ ಕೇಳಿಟ್ಟುಕೊಳ್ಳಿ.